ದಿಗಂಬರನ ಖಾಲಿ ಚೌಕಟ್ಟು

ಸತ್ತವರ ಮೇಲೆ ಸಿಟ್ಟಾಗಬಾರದೆಂದು ಅವಧೂತರಾಯರಿಗೆ ಗೊತ್ತಿತ್ತು. ಆದರೂ ಗೆಳೆಯ ದಿಗಂಬರನ ಮೇಲೆ ಅವರಿಗೆ ಸಿಟ್ಟಿತ್ತು. ಸತ್ತದ್ದಕ್ಕಲ್ಲ; ಜ್ವರ ಯಾರನ್ನೂ ಕೇಳಿ ಬರುವುದಿಲ್ಲ. ಲೋಕದಲ್ಲಿ ಜನ ಸಾಯುವಾಗ ಗೆಳೆಯರಿಗೆಂದು ಒಂದು ಶಾಲೋ, ಒಂದು ಬೆತ್ತವೋ, ತೀರ ಉದಾರಿಗಳಾದರೆ ಒಂದು ಹಾರ್ಮೋನಿಯಮ್ಮೋ ಬಿಟ್ಟು ಹೋಗುತ್ತಾರೆ. ದಿಗಂಬರ ಅವರಿಗೆ ಒಂದು ಜೇಡವನ್ನು ಬಿಟ್ಟು ಹೋಗಿದ್ದ. ಅದೂ ಹಿಡಿದಿಟ್ಟ ಜೇಡವಲ್ಲ, ಇನ್ನು ಮುಂದೆ ಹೋಗಿ ಹಿಡಿಯಬೇಕಾದ ಜೇಡ.

ದಿಗಂಬರ ಸದಾಶಿವ ಪೇಠೆಯ ಒಂದು ಶಾಲೆಯಲ್ಲಿ ಚಿತ್ರಕಲೆಯ ಮಾಸ್ತರನಾಗಿದ್ದ. ಧಾರವಾಡದಿಂದ ಅವನೂ ಅವಧೂತರಾಯರೂ ಒಂದೇ ರೈಲಿನಲ್ಲಿ, ಒಂದೇ ಟ್ರಂಕಿನಲ್ಲಿ ಇಬ್ಬರ ಬಟ್ಟೆ ತುಂಬಿಕೊಂಡು ಪುಣೆಗೆ ಬಂದವರು. ರಾಯರು ಸರಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕರಾಗಿ ದಪ್ಪಗಾದರು. ದಿಗಂಬರ ಮರದ ಕ್ಯಾಮೆರಾ ಕೊಂಡು ತೆಳ್ಳಗಾದ. ರಜೆ ಬಂತೆಂದರೆ ಅದನ್ನು ಹೊತ್ತು ಕೊಂಕಣಕ್ಕೆ ಇಳಿಯುತ್ತಿದ್ದ. ಉಳಿದವರು ಕೊಂಕಣಕ್ಕೆ ಹೋಗುವುದು ಮಾವಿನಹಣ್ಣಿಗೆ ಇಲ್ಲವೆ ಮಾವನ ಮನೆಗೆ. ಇವನು ತೆಂಗು, ತೋಟ, ತಂಪು ಎಲ್ಲವನ್ನೂ ಬಿಟ್ಟು ಸಮುದ್ರದ ಮಗ್ಗುಲಿನ ಕೆಂಪುಕಲ್ಲಿನ ಬಯಲು ಹಿಡಿಯುತ್ತಿದ್ದ. ಮಳೆ ನಿಂತು ತಿಂಗಳಾಗುವುದರೊಳಗೆ ಅಲ್ಲಿಯ ಹುಲ್ಲು ಒಣಗಿ ನಾರಾಗಿರುತ್ತದೆ. ಬೇಲಿಯ ಕಳ್ಳಿಯೊಂದೇ ಜೀವ ಹಿಡಿದುಕೊಂಡು ನಿಂತಿರುತ್ತದೆ. ಆ ಕಳ್ಳಿಯ ಮುಳ್ಳುಗಳ ನಡುವೆ ದುಂಡನೆಯ ಬಲೆ ನೇಯ್ದು ಕೂರುವ ಜೇಡಗಳೇ ಅವನಿಗೆ ಮಾವು, ಅವೇ ಅವನಿಗೆ ಮಾವನ ಮನೆ.

ಈ ಯಾತ್ರೆಗಳಿಗೆಲ್ಲ ಅವಧೂತರಾಯರು ಜೊತೆ. ಅವರ ಕೆಲಸವೆಂದರೆ ಅವಲಕ್ಕಿಯ ಡಬ್ಬಿ ಹಿಡಿದುಕೊಂಡು ದೂರದಲ್ಲಿ ನಿಲ್ಲುವುದು. ದೂರವೆಂದರೆ, ಜೇಡ ಜಿಗಿದರೂ ಮುಟ್ಟದಷ್ಟು ದೂರ. (ಬಲೆ ನೇಯುವ ಜೇಡ ಜಿಗಿಯುವುದಿಲ್ಲವೆಂದು ದಿಗಂಬರ ಎಷ್ಟೋ ಸಲ ಹೇಳಿದ್ದ. ಅದನ್ನು ಜೇಡಕ್ಕೆ ಯಾರಾದರೂ ಹೇಳಿದ್ದಾರೆಯೇ ಎಂಬುದು ರಾಯರ ಪ್ರಶ್ನೆ.) ಎರಡು ಕಾಲಿನ ಸಾಹೇಬರ ಮುಂದೆ, ನಾಲ್ಕು ಕಾಲಿನ ನಾಯಿಗಳ ಮುಂದೆ ರಾಯರು ಹೇಗೋ ನಿಭಾಯಿಸುತ್ತಿದ್ದರು. ಕಾಲು ಎಂಟಾದರೆ ಮಾತ್ರ ಅವರ ಪೌರುಷ ಅಲ್ಲಿಗೆ ಮುಗಿಯುತ್ತಿತ್ತು.

ದಿಗಂಬರ ತೀರಿಕೊಂಡು ವರ್ಷವಾಗುತ್ತ ಬಂದಾಗ ಪೇಠೆಯ ನಿಸರ್ಗ ಮಂಡಳಿಯವರು ಅವನ ಚಿತ್ರಗಳ ಪ್ರದರ್ಶನ ಮಾಡಬೇಕೆಂದು ಗೊತ್ತುಮಾಡಿದರು. ಅವನ ಹೆಂಡತಿ ರಾಧಾಬಾಯಿ ಎಲ್ಲ ಚಿತ್ರಗಳಿಗೂ ಕಟ್ಟು ಹಾಕಿಸಿ ತಂದರು. ಒಂದು ಚೌಕಟ್ಟು ಮಾತ್ರ ಖಾಲಿ. ಅದು ಪಟ್ಟೆಜೇಡದ್ದು. ಮೈಮೇಲೆ ಹಳದಿ-ಬೆಳ್ಳಿ ಪಟ್ಟೆ, ಬಲೆಯ ನಡುವೆ ತಾನೇ ಹೊಲಿದ ಬಿಳಿಯ ಅಂಕುಡೊಂಕು ಗೆರೆ. ಕೊಂಕಣದ ಹರ್ಣೆಯಲ್ಲಿ, ಸಮುದ್ರದ ಮೇಲಣ ಕಳ್ಳಿಬೇಲಿಯಲ್ಲಿ ಗಾಳಿಗೆ ಎದೆಗೊಟ್ಟು ಕೂರುವ ಜೇಡ. ವರ್ಷವರ್ಷವೂ ದಿಗಂಬರ ಅದರ ಮುಂದೆ ಕ್ಯಾಮೆರಾ ಊರಿದ್ದ. ವರ್ಷವರ್ಷವೂ ಗಾಳಿ ಬಲೆಯನ್ನು ಅಲುಗಿಸಿತ್ತು, ಚಿತ್ರದಲ್ಲಿ ಬರೀ ಮಂಜು ಮೂಡಿತ್ತು. "ಮುಂದಿನ ಸಲ ಬರ್ತದ" ಎಂದು ಅವನು ಅದಕ್ಕೊಂದು ಚೌಕಟ್ಟನ್ನೂ ಮಾಡಿಸಿಟ್ಟಿದ್ದ.

ಇದನ್ನೇನು ಮಾಡುವುದೆಂದು ಸಭೆಯಲ್ಲಿ ಯಾರೋ ಕೇಳಿದರು. ರಾಧಾಬಾಯಿ ಚೌಕಟ್ಟಿನ ಗಾಜನ್ನು ಸೆರಗಿನಿಂದ ಒರೆಸಿದರು. ಹಿಂದೆ ಏನೂ ಇಲ್ಲದ ಗಾಜು. ಅದನ್ನೇ ಮತ್ತೆ ಮತ್ತೆ ಒರೆಸಿದರು.

ಅವಧೂತರಾಯರು ಎದ್ದು ನಿಂತದ್ದು ಎರಡು ಒಳ್ಳೆಯ ಮಾತು ಹೇಳಿ ಕೂರಲೆಂದು. ಆದರೆ ಕಣ್ಣು ಆ ಗಾಜಿನ ಮೇಲೆ ಬಿತ್ತು. ಬಾಯಿಂದ ಹೊರಬಂದದ್ದು ಬೇರೆಯೇ ಮಾತು.

"ಅದನ್ನ ನಾ ತರ್ತೀನಿ."

ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದ ಮೇಲೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಉಪಾಯವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.

"ಏನ್ ತರ್ತೀರಿ?" ಮನೆಯಲ್ಲಿ ಹೆಂಡತಿ ಇಂದೂಬಾಯಿ ಕೇಳಿದರು.

"ಜ್ಯಾಡರಹುಳದ ಫೋಟೋ."

"ನೀವು?"

"ಹೌದು, ನಾನು."

"ಮೊನ್ನೆ ಬಚ್ಚಲದಾಗ ಕಡ್ಲಿಕಾಳಷ್ಟು ಹುಳಾ ಕಂಡು, ಮೈತುಂಬ ಸಾಬಾಣ ಹಚ್ಚಿಕೊಂಡು ಪಡಸಾಲಿಗೆ ಓಡಿ ಬಂದವರು ಯಾರು? ವಾಡೇದ ಹೆಣ್ಮಕ್ಕಳೆಲ್ಲಾ ನಳದ ಮುಂದ ನಿಂತಿದ್ರು. ನನ್ನ ಮಾರಿ ಎಲ್ಲೆ ಇಟಗೊಳ್ಳಲಿ ಅನ್ನೂಹಂಗ ಆತು."

"ಅದು ಬ್ಯಾರೆ ಮಾತು. ಅವಾಗ ನನ್ನ ಕಣ್ಣಾಗ ಸಾಬಾಣ ಹೋಗಿತ್ತು."

"ಕಣ್ಣಾಗ ಸಾಬಾಣ ಹೋದವರಿಗೆ ಹುಳಾ ಹ್ಯಾಂಗ ಕಾಣಸ್ತು?"

ಇಂದೂಬಾಯಿಯ ಮೊದಲನೆಯ ಪ್ರಶ್ನೆಗೆ ಉತ್ತರ ಹೇಳಿದವರು ಎರಡನೆಯದಕ್ಕೆ ಸಿಕ್ಕಿಬೀಳುತ್ತಾರೆಂಬುದು ಇಪ್ಪತ್ತು ವರ್ಷದ ಸಂಸಾರದಲ್ಲಿ ರಾಯರಿಗೆ ತಿಳಿಯಬೇಕಾಗಿತ್ತು. ಅವರು ಪೇಪರು ಬಿಡಿಸಿದರು. ಇಂದೂಬಾಯಿ ಬಿಡಲಿಲ್ಲ.

"ನಾನೂ ಬರ್ತೀನಿ. ಕಾರ್ತೀಕದಾಗ ಸಮುದ್ರಸ್ನಾನ ಆದಂಗಾತು. ನೀವು ಎಲ್ಲೆರೆ ಬಿದ್ದರ ಎತ್ತಲಿಕ್ಕೂ ಒಬ್ಬರು ಬೇಕು."

ಇದು ರಾಯರಿಗೆ ಬೇಡವಾಗಿತ್ತು. ಕಾರಣ, ಅವರಿಗೊಂದು ದಿವ್ಯವಾದ ಯೋಚನೆ ಹೊಳೆದಿತ್ತು. ಜೇಡರ ಬಲೆ ಬಿಳಿ, ಆಕಾಶವೂ ಬಿಳಿ. ಹಿಂದೆ ಕರಿಯ ಬಟ್ಟೆ ಇಳಿಬಿಟ್ಟರೆ ಮಾತ್ರ ಎಳೆಗಳು ಚಿತ್ರದಲ್ಲಿ ಕಾಣುತ್ತವೆ. ದಿಗಂಬರ ಹಾಗೆ ಇಳಿಬಿಡುತ್ತಿದ್ದ ಕರಿಬಟ್ಟೆಯನ್ನು ಇಲಿ ತಿಂದಿತ್ತು. ಆದರೆ ಇಂದೂಬಾಯಿಯ ಪೆಟ್ಟಿಗೆಯ ತಳದಲ್ಲಿ ಒಂದು ಚಂದ್ರಕಾಳಿ ಸೀರೆಯಿತ್ತು. ಅಮಾವಾಸ್ಯೆಯಂಥ ಕಪ್ಪು ಮೈ, ಕುಂಕುಮದಂಥ ಅಂಚು. ಮದುವೆಯ ವರ್ಷ ಸಂಕ್ರಾಂತಿಗೆ ತವರಿನವರು ಕೊಟ್ಟದ್ದು. ಮುತ್ತೈದೆಯರು ಕಪ್ಪು ಉಡುವ ಹಬ್ಬ ವರ್ಷಕ್ಕೆ ಅದೊಂದೇ. ಒಂದು ದಿನ ದುಡಿದು ಉಳಿದ ದಿನವೆಲ್ಲ ಮಲಗುವ ಸೀರೆಗೆ ಸ್ವಲ್ಪ ಪ್ರವಾಸ ಮಾಡಿಸಿದರೆ ತಪ್ಪೇನು? ರಾಯರು ಅದನ್ನು ದಿಗಂಬರನ ಕ್ಯಾಮೆರಾದ ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟರು. ಕೇಳಿ ತೆಗೆದುಕೊಳ್ಳಬಹುದಿತ್ತು. ಆದರೆ ಕೇಳಿದರೆ ಕೊಡುತ್ತಿರಲಿಲ್ಲ ಎಂಬ ಒಂದು ಸಣ್ಣ ಅಡಚಣೆಯಿತ್ತು.

ದೀಪಾವಳಿಯ ರಜೆಯಲ್ಲಿ ಹೊರಟರು. ಪೆಟ್ಟಿಗೆಯನ್ನು ಮೋಟಾರಿನ ಮೇಲೆ ಹಾಕಿರೆಂದು ಇಂದೂಬಾಯಿ ಎಷ್ಟು ಹೇಳಿದರೂ ರಾಯರು ಕೇಳದೆ, ಹೊಸ ಕೂಸನ್ನು ಹಿಡಿದಂತೆ ತೊಡೆಯ ಮೇಲೆ ಹಿಡಿದು ಕುಳಿತರು. ಮೋಟಾರು ಕಾತ್ರಜ ಘಾಟು ಹತ್ತಿತು. ಪುಣೆ ಮರೆಯಾಗುವ ತಿರುವಿನಲ್ಲಿ ದಿಗಂಬರ ಪ್ರತಿ ಸಲವೂ "ಹೆಡ್ ಕ್ಲಾರ್ಕ ಸತ್ತ, ನನ್ನ ಅವಧೂತ ಹುಟ್ಟಿದ" ಎಂದು ತೊಡೆ ಚಪ್ಪರಿಸುತ್ತಿದ್ದ. ತಿರುವು ಬಂತು. ರಾಯರು ಪಕ್ಕಕ್ಕೆ ತಿರುಗಿದರು.

"ಏನ್ರಿ?" ಎಂದರು ಇಂದೂಬಾಯಿ.

"ಏನಿಲ್ಲ," ಎಂದು ರಾಯರು ಪೆಟ್ಟಿಗೆಯನ್ನು ಸರಿಮಾಡಿ ಹಿಡಿದುಕೊಂಡರು.

ಹರ್ಣೆಯಲ್ಲಿ ಖಾನಾವಳಿಯ ಕೃಷ್ಣಾಜಿಯ ಮನೆಯ ಮುಂಗೋಣೆ ಸಿಕ್ಕಿತು. ಬಯಲೂ ಅಲ್ಲೇ, ಕಳ್ಳಿಬೇಲಿಯೂ ಅಲ್ಲೇ, ಜೇಡವೂ ಅಲ್ಲೇ ಇತ್ತು. ಇಂದೂಬಾಯಿ ಸ್ನಾನ, ದೇವರು ಎಂದು ಒಂದು ದಿಕ್ಕಿಗೆ. ರಾಯರು ಮತ್ತೊಂದು ದಿಕ್ಕಿಗೆ. ಮೊದಲ ದಿನ ಚಿತ್ರ ಮೂಡುವ ಪ್ಲೇಟಿನ ಮುಂದಿರುವ ಮುಚ್ಚುಹಲಗೆಯನ್ನು ಎಳೆಯುವುದನ್ನೇ ಮರೆತು, ಹಲಗೆಯ ಫೋಟೋ ತೆಗೆದರು. ಮಾರನೆಯ ದಿನ, ಬಲೆಗೆ ಹಿಟ್ಟು ಉದುರಿಸಿದರೆ ಎಳೆ ಎದ್ದು ಕಾಣುತ್ತದೆಂದು ಎಲ್ಲೋ ಕೇಳಿದ್ದು ನೆನಪಾಗಿ ಕೃಷ್ಣಾಜಿಯ ಅಡಿಗೆಮನೆಯಿಂದ ಅಕ್ಕಿಹಿಟ್ಟು ಒಯ್ದರು. ಜೇಡ ಇದನ್ನು ಅಪಮಾನವೆಂದು ತಿಳಿದು ಬಲೆಯನ್ನು ಗಡಗಡ ಅಲ್ಲಾಡಿಸಿತು. ಹಿಟ್ಟೆಲ್ಲ ರಾಯರ ಕನ್ನಡಕಕ್ಕೆ ವಾಪಸು ಬಂತು. ಅದರ ಮರುದಿನ ಗಾಳಿ. ರಾತ್ರಿಯ ಗಾಳಿ ನೆಲದಿಂದ ಸಮುದ್ರಕ್ಕೆ, ಹಗಲಿನ ಗಾಳಿ ಸಮುದ್ರದಿಂದ ನೆಲಕ್ಕೆ; ಬೆಳಿಗ್ಗೆ ಒಂದು ಹೋಗಿ ಇನ್ನೊಂದು ಬರುವ ನಡುವೆ ಒಂದು ಗಳಿಗೆ ಎಲ್ಲ ನಿಲ್ಲುತ್ತದೆ, ಅದೇ ಹೊತ್ತು ಎಂದು ದಿಗಂಬರ ಹೇಳುತ್ತಿದ್ದ. ಆ ಗಳಿಗೆಯಲ್ಲಿ ರಾಯರು ನಿದ್ದೆಯಲ್ಲಿದ್ದರು.

ಹೀಗೆ ರಜೆಯ ಕೊನೆಯ ಬೆಳಗು ಬಂತು. ಪೆಟ್ಟಿಗೆಯಲ್ಲಿ ಒಂದೇ ಪ್ಲೇಟು ಉಳಿದಿತ್ತು.

ಇಂದೂಬಾಯಿ ಸಮುದ್ರಕ್ಕೆ ಹೋದದ್ದೇ ತಡ, ರಾಯರು ಬಯಲಿಗೆ ಓಡಿದರು. ಬಲೆಯ ಹಿಂದಿನ ಕಳ್ಳಿಗೆ ಚಂದ್ರಕಾಳಿಯನ್ನು ಇಳಿಬಿಟ್ಟರು. ಕ್ಯಾಮೆರಾ ಊರಿದರು. ಅದರ ಹಿಂದಿನ ಮುಸುಕುಬಟ್ಟೆಯೊಳಗೆ ತಲೆ ತೂರಿಸುವಾಗ ದಿಗಂಬರ ಟೋಪಿ ತೆಗೆದಿಡುತ್ತಿದ್ದ. ರಾಯರು ರುಮಾಲು ತೆಗೆಯುವವರಲ್ಲ. ಬರಿತಲೆಯಲ್ಲಿ ಬಯಲಿಗೆ ಬರುವುದು ಸೂತಕದವರು. ರುಮಾಲಿನ ಸಮೇತ ಒಳಗೆ ನುಗ್ಗಿ ಹಿಂಬದಿಯ ಗಾಜಿನಲ್ಲಿ ನೋಡಿದರು. ಈ ಜೇಡ ಬಲೆಯಲ್ಲಿ ತಲೆ ಕೆಳಗಾಗಿಯೇ ಕೂರುವ ಪ್ರಾಣಿ. ಕ್ಯಾಮೆರಾ ಎಲ್ಲವನ್ನೂ ತಲೆಕೆಳಗಾಗಿ ತೋರಿಸುವ ಯಂತ್ರ. ಹೀಗಾಗಿ ಗಾಜಿನಲ್ಲಿ ಜೇಡವೊಂದೇ ನೆಟ್ಟಗೆ ಕುಳಿತು ರಾಯರನ್ನೇ ದುರುಗುಟ್ಟಿ ನೋಡುತ್ತಿತ್ತು.

ಎಲ್ಲ ಸರಿಯಿತ್ತು. ಬಲೆಗೆ ಒಂದು ಒಣಹುಲ್ಲಿನ ಎಸಳು ಅಂಟಿಕೊಂಡಿತ್ತು, ಅಷ್ಟೆ. ದಿಗಂಬರನಾಗಿದ್ದರೆ ಅದನ್ನು ಬಿಡುತ್ತಿರಲಿಲ್ಲ. ರಾಯರು ಮನಸ್ಸು ಗಟ್ಟಿಮಾಡಿ, ಕಣ್ಣು ಅರೆಮುಚ್ಚಿ, ಒಂದು ಕಡ್ಡಿ ಹಿಡಿದು, ಬಲೆಯವರೆಗೂ ಹೋಗಿ, ಬಗ್ಗಿ, ಎಸಳನ್ನು ತೆಗೆದೇ ಬಿಟ್ಟರು. ಜೀವನದಲ್ಲಿ ಜೇಡಕ್ಕೆ ಅಷ್ಟು ಹತ್ತಿರ ಅವರು ಹೋದದ್ದೇ ಇಲ್ಲ. ತಮ್ಮ ಧೈರ್ಯಕ್ಕೆ ತಾವೇ ಬೆರಗಾಗಿ, ಹಿಂದಿರುಗಿ ನೋಡದೆ ಬಂದು, ಗಾಜು ತೆಗೆದು ಪ್ಲೇಟು ಕೂರಿಸಿದರು. ಪ್ಲೇಟು ಕೂತ ಮೇಲೆ ಒಳಗೆ ಏನೂ ಕಾಣುವುದಿಲ್ಲ. ಹೊರಗೆ ಇಣುಕಿ ನೋಡುವ ಇಚ್ಛೆ ರಾಯರಿಗಿರಲಿಲ್ಲ. ತಾವು ಅದನ್ನು ನೋಡಿದರೆ ಅದೂ ತಮ್ಮನ್ನು ನೋಡೀತು.

ಗಾಳಿ ನಿಂತಿತು. ಹುಲ್ಲು ನಿಂತಿತು. ಅಷ್ಟರಲ್ಲಿ ಇಂದೂಬಾಯಿ ಒದ್ದೆ ಸೀರೆಯಲ್ಲಿ ಬೇಲಿಯ ಆಚೆ ಪ್ರತ್ಯಕ್ಷರಾದರು. ಮುಳ್ಳಿನ ಮೇಲೆ ತೂಗುತ್ತಿದ್ದ ತವರಿನ ಚಂದ್ರಕಾಳಿಯನ್ನು ಕಂಡರು. ಬಾಯಿ ತೆರೆದರು.

"ಪಿಟ್ಟನ್ನಬ್ಯಾಡ!" ರಾಯರು ಪಿಸುಗುಟ್ಟುತ್ತಲೇ ಗರ್ಜಿಸಿದರು. "ಉಸರ ಬಿಡಬ್ಯಾಡ! ಗಾಳಿ ನಿಂತದ. ಒಂದ ಪ್ಲೇಟ್ ಉಳದದ. ದಿಗಂಬರನ ಆಣಿ ಅದ ನಿನಗ, ನಾ ಹೇಳೂತನಕಾ ಒಂದ ಮಾತು ಆಡಿದರ ನೋಡು!"

ಇಂದೂಬಾಯಿ ಸೀರೆಯನ್ನು ನೋಡಿದರು. ಗಂಡನನ್ನು ನೋಡಿದರು. ಆಮೇಲೆ ಗಂಡನ ಹಣೆಗಿಂತ ತುಸು ಮೇಲಕ್ಕೆ ನೋಡಿದರು. ತೆರೆದ ಬಾಯಿಯನ್ನು ಮುಚ್ಚಿ, ಒಂದು ಕಲ್ಲಿನ ಮೇಲೆ ಗಲ್ಲಕ್ಕೆ ಕೈಕೊಟ್ಟು ಕುಳಿತುಬಿಟ್ಟರು. ರಾಯರ ಎದೆ ಉಬ್ಬಿತು. ಗಂಡನ ನಿಜವಾದ ಎತ್ತರ ಎಲ್ಲಿಯವರೆಗಿದೆ ಎಂಬುದು ಇವಳಿಗೆ ಇಂದು ಕಂಡಿತಲ್ಲ ಎಂದುಕೊಂಡರು.

ಈ ಸಲ ಮರೆಯದೆ ಹಲಗೆ ಎಳೆದು, ಕ್ಯಾಮೆರಾದ ಕಣ್ಣಿನ ಮುಚ್ಚಳ ತೆಗೆದರು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ಎಣಿಸಿದರು. "ದಿಗಂಬರಾ, ಹಿಡದೆನೋ!" ಎಂದು ಮುಚ್ಚಳ ಹಾಕಿದರು. ಆಗ ಸಮುದ್ರದ ಕಡೆಯಿಂದ ಮೊದಲ ಗಾಳಿ ಬೀಸಿತು.

"ಈಗ ಮಾತಾಡಬಹುದೇನ್ರಿ?" ಇಂದೂಬಾಯಿ ಬಹಳ ವಿನಯದಿಂದ ಕೇಳಿದರು. ಆ ವಿನಯಕ್ಕೇ ರಾಯರು ಹೆದರಬೇಕಾಗಿತ್ತು.

"ಆಡು."

"ನಿಮ್ಮ ರುಮಾಲಿನ ಮ್ಯಾಲೆ ಕೂತದ."

"ಏನು?"

"ಆ ಬಲಿ ಯಜಮಾನಿ."

ಮುಂದೆ ನಡೆದದ್ದನ್ನು ವಿವರಿಸುವುದು ಸತ್ತ ಗೆಳೆಯನ ಗೌರವಕ್ಕೂ ಬದುಕಿರುವ ಗೆಳೆಯನ ಗೌರವಕ್ಕೂ ಒಳ್ಳೆಯದಲ್ಲ. ರುಮಾಲು ಒಂದು ಕಡೆಗೆ ಹಾರಿತು. ಜೇಡ ನಿಧಾನವಾಗಿ, ಇಂಥವರನ್ನು ಬಹಳ ಜನ ನೋಡಿದ್ದೇನೆಂಬಂತೆ ಇಳಿದು ಹುಲ್ಲಿಗೆ ಹೋಯಿತು. ಅವಧೂತರಾಯರು ಕಳ್ಳಿಯೊಳಗೆ ಬಿದ್ದರು. ಬೀಳುವಾಗ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡರು. ಸಿಕ್ಕಿದ್ದು ಚಂದ್ರಕಾಳಿ. ಅದು ಪರ್ರೆಂದಿತು.

ಕೃಷ್ಣಾಜಿಯ ಮುಂಗೋಣೆಯಲ್ಲಿ ಇಂದೂಬಾಯಿ ಮುಳ್ಳು ಕಿತ್ತರು, ಅಗತ್ಯಕ್ಕಿಂತ ಹೆಚ್ಚು ಜೋರಿನಿಂದ. ಮಾತಾಡಲಿಲ್ಲ. ಪುಣೆ ಮುಟ್ಟುವವರೆಗೂ ಮಾತಾಡಲಿಲ್ಲ. ಮುಟ್ಟಿದ ಮೇಲೂ "ಅಡಿಗಿ ಆಗೇದ" ಎಂದು ಗೋಡೆಗೆ ಹೇಳುತ್ತಿದ್ದರು. ಜೇಡ ತಮ್ಮ ತಲೆಯನ್ನೇರಿದ್ದು ಫೋಟೋ ಮುಗಿದ ಮೇಲೆ ಎಂದು ರಾಯರು ತಮ್ಮಷ್ಟಕ್ಕೆ ತಾವು ತೀರ್ಮಾನ ಮಾಡಿಕೊಂಡರು. ಅದು ಹೌದೋ ಅಲ್ಲವೋ ಎಂದು ಹೇಳಬಲ್ಲವರೊಬ್ಬರೇ, ಅವರೋ ಮೌನವ್ರತದಲ್ಲಿದ್ದರು.

ಪೇಠೆಯ ಸ್ಟುಡಿಯೋದಿಂದ ಪ್ರಿಂಟು ಬಂತು. ರಾಯರು ಅದನ್ನು ಬೆಳಕಿಗೆ ಹಿಡಿದರು. ಇಂಥ ಬಲೆಯನ್ನು ದಿಗಂಬರನೂ ತೆಗೆದಿರಲಿಲ್ಲ. ಕಪ್ಪಿನ ಮೇಲೆ ಒಂದೊಂದು ಎಳೆಯೂ ಬೆಳ್ಳಿಯ ತಂತಿ. ಎಳೆಯ ಮೇಲೊಂದೊಂದು ಇಬ್ಬನಿಯ ಹನಿ. ನಡುವೆ ಅಂಕುಡೊಂಕಿನ ಬಿಳಿ ಗೆರೆ. ಆ ಗೆರೆಯ ಮೇಲೆ, ಸಿಂಹಾಸನದ ಮೇಲೆ ರಾಣಿ ಕೂರಬೇಕಾದಲ್ಲಿ, ಯಾರೂ ಇರಲಿಲ್ಲ. ರಾಯರು ಚಿತ್ರವನ್ನು ತಿರುಗಿಸಿ ಹಿಂದೆಯೂ ನೋಡಿದರು.

ಬಗ್ಗಿದಾಗ ರುಮಾಲಿನ ಚುಂಗು ಬಲೆಗೆ ತಗುಲಿತ್ತು, ಜೇಡ ಆಗಲೇ ಹತ್ತಿತ್ತು ಎಂದು ಅವರಿಗೆ ಈಗ ಅರ್ಥವಾಯಿತು. ತಪ್ಪೊಪ್ಪಿಕೊಳ್ಳಲೆಂದು ಮಂಡಳಿಯ ಅಧ್ಯಕ್ಷ ಅಪ್ಪಾಸಾಹೇಬರ ಮನೆಗೆ ಹೋದರು. ಅಪ್ಪಾಸಾಹೇಬರು ಬೆಳಗಾವಿಯ ಕಡೆಯವರು, ಭಾಷಣಕ್ಕಾಗಿಯೇ ಹುಟ್ಟಿದವರು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಏನ್ ಕಲ್ಪನಾರೀ ಅವಧೂತರಾವ್! ಮನಿ ಅದ, ಮಾಲಕ ಇಲ್ಲ! ನಮ್ಮ ದಿಗಂಬರನ್ನ ಇದಕ್ಕಿಂತ ಹ್ಯಾಂಗ ತೋರಸಬೇಕು?"

ನಿಜ ಹೇಳಲೆಂದು ರಾಯರು ಬಾಯಿ ತೆರೆದರು. ಆದರೆ ಅಪ್ಪಾಸಾಹೇಬರ ಮಾತು ಅಷ್ಟು ಚೆಂದವಿತ್ತು. ಬಾಯಿ ತಾನಾಗಿ ಮುಚ್ಚಿಕೊಂಡಿತು. ಮನೆಗೆ ಬರುವ ದಾರಿಯಲ್ಲಿ, ತಮ್ಮ ಮನಸ್ಸಿನ ಯಾವುದೋ ಮೂಲೆಯಲ್ಲಿ ಈ ಕಲ್ಪನೆ ಇದ್ದಿರಬಹುದು ಎನ್ನಿಸಿತು. ಪ್ರದರ್ಶನದ ದಿನ ಬರುವ ಹೊತ್ತಿಗೆ ಅದು ಇದ್ದೇ ಇತ್ತು.

ಶಾಲೆಯ ಸಭಾಗೃಹದಲ್ಲಿ ಜನ ತುಂಬಿದ್ದರು. ಒಂದೊಂದು ಚಿತ್ರದ ಕೆಳಗೂ ದಿಗಂಬರ ತನ್ನ ಸಣ್ಣ ಅಕ್ಷರದಲ್ಲಿ ಬರೆದಿಟ್ಟ ಚೀಟಿಯಿತ್ತು: ಎಲ್ಲಿ, ಯಾವ ಗಿಡ, ಗಾಳಿ ಹೇಗಿತ್ತು, ಜೇಡ ಏನು ಮಾಡುತ್ತಿತ್ತು. ಕೊನೆಯ ಚೌಕಟ್ಟಿನ ಕೆಳಗೆ ಅಪ್ಪಾಸಾಹೇಬರ ದಪ್ಪ ಅಕ್ಷರ: 'ಒಡೆಯನಿಲ್ಲದ ಸೌಧ'.

"ಅವಧೂತರಾಯರು ಹುಳಾ ಬೇಕಂತ ಬಿಟ್ಟಾರ!" ಅಪ್ಪಾಸಾಹೇಬರ ದನಿ ತೊಲೆಗಳಿಗೆ ಬಡಿಯಿತು. "ಬಿಡೂದು, ಅದಽ ಕಲಾ!"

ಚಪ್ಪಾಳೆ. ರಾಯರು ಕೈಮುಗಿದು ಕಣ್ಣೊರೆಸಿಕೊಂಡರು. ಕಣ್ಣೀರು ಮಾತ್ರ ಸುಳ್ಳಾಗಿರಲಿಲ್ಲ.

ರಾಧಾಬಾಯಿ ಚಿತ್ರದ ಮುಂದೆ ನಿಂತಿದ್ದರು. ಅವರು ಅಳುತ್ತಿರಲಿಲ್ಲ. ಎಷ್ಟೋ ವರ್ಷ ಗಂಡನ ಪ್ಲೇಟುಗಳನ್ನು ಕೆಂಪು ದೀಪದಲ್ಲಿ ತೊಳೆದುಕೊಟ್ಟ ಕಣ್ಣುಗಳಿಂದ ನೋಡುತ್ತಿದ್ದರು.

"ಬಲಿ ಭಾಳ ಚಂದ ಬಂದದ, ಅವಧೂತರಾವ್," ಎಂದರು. "ಒಂದ ಎಳೀನೂ ಅಲಗಾಡಿಲ್ಲ. ಅವರು ನೋಡಿದ್ರ ಕುಣೀತಿದ್ರು. ಆದರ ಕುಣಿಯೂಕಿಂತಾ ಮೊದಲ ಒಂದ ಮಾತು ಕೇಳತಿದ್ರು."

"ಏನ್ರಿ ವೈನಿ?"

"ಹುಳಾ ಎಲ್ಲೆ?"

ರಾಯರು ಅಪ್ಪಾಸಾಹೇಬರ ಕಡೆ ನೋಡಿದರು. ಅವರು ಮುಗುಳ್ನಗುತ್ತ, ಹೇಳಿರಿ ಎಂಬಂತೆ ಕೈಮಾಡಿದರು. ಸಭೆ ಕಾಯುತ್ತಿತ್ತು. "ಅದು... ಮಾಲಕ ಇಲ್ಲದ..." ಎಂದು ರಾಯರು ಶುರುಮಾಡಿದರು. ಸಾಲಾಗಿ ತೂಗುತ್ತಿದ್ದ ದಿಗಂಬರನ ಚೀಟಿಗಳು ಕಣ್ಣಿಗೆ ಬಿದ್ದವು. ಅವುಗಳಲ್ಲಿ ಒಂದೂ ಸುಳ್ಳಿರಲಿಲ್ಲ. ಇಂದೂಬಾಯಿ ವಾರಗಟ್ಟಲೆ ಕೂಡಿಟ್ಟ ಮಾತನ್ನೆಲ್ಲ ಬಾಯ ತುದಿಗೆ ತಂದುಕೊಂಡು "ವೈನೀ, ಇವರು..." ಎನ್ನುತ್ತಿದ್ದರು. ರಾಯರು ಕೈಯೆತ್ತಿ ತಡೆದರು.

"ನನ್ನ ತಲಿ ಮ್ಯಾಲಿತ್ರಿ ವೈನಿ. ರುಮಾಲಿನ ಮ್ಯಾಲೆ. ನನಗ ಗೊತ್ತಿರಲಿಲ್ಲ."

"ನನಗ ಗೊತ್ತಿತ್ತು," ಎಂದರು ಇಂದೂಬಾಯಿ. "ಮಾತಾಡಬ್ಯಾಡ ಅಂತ ಆಣಿ ಹಾಕಿದ್ರು. ಇಪ್ಪತ್ತು ವರ್ಷದಾಗ ಒಂದ ಸಲ ಗಂಡನ ಮಾತು ಕೇಳಿದೆ ನೋಡ್ರಿ, ಹಿಂಗಾತು. ಅದು ಇವರ ನೆತ್ತಿ ಮ್ಯಾಲೆ ಕೂತದ, ಇವರು ಕಣ್ಣ ಮುಚ್ಚಿಕೊಂಡು 'ದಿಗಂಬರಾ, ಹಿಡದೆನೋ' ಅನ್ನಲಿಕತ್ತಾರ!"

ರಾಧಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಯಾರೋ ನೀರು ತರಲು ಓಡಿದರು. ಸೆರಗು ಜಾರಿತು; ಹೊರಬಿದ್ದದ್ದು ನಗು. ಸಣ್ಣ ನಗುವಲ್ಲ, ಹೊಟ್ಟೆ ಹಿಡಿದುಕೊಂಡು ಗೋಡೆಗೆ ಆತು ನಗುವ ನಗು. ಗಂಡನ ವರ್ಷಾಂತದ ಸಭೆಯಲ್ಲಿ ಹೆಂಡತಿ ಹೀಗೆ ನಗುವುದು ಸದಾಶಿವ ಪೇಠೆ ಎಂದೂ ಕಂಡ ಸಂಪ್ರದಾಯವಲ್ಲ. ಅಪ್ಪಾಸಾಹೇಬರ ಭಾಷಣದ ಕಾಗದ ಗಾಳಿಯಲ್ಲಿ ನಿಂತಿತು. ನಗು ನಡುವೆಲ್ಲೋ ಅಳುವಾಯಿತು, ಮತ್ತೆ ನಗುವಾಯಿತು. ಅವಧೂತರಾಯರು ಎಲ್ಲರ ಮುಂದೆ ಕಿವಿಯವರೆಗೂ ಕೆಂಪಾಗಿ, ಅಪರಾಧಿಯಂತೆ ಕೈಕಟ್ಟಿ ನಿಂತಿದ್ದರು. ಅಲ್ಲಿಂದ ಓಡಬೇಕೆಂದು ಮಾತ್ರ ಅವರಿಗೆ ಅನ್ನಿಸಲಿಲ್ಲ.

ಕಡೆಗೆ ರಾಧಾಬಾಯಿ ಕಣ್ಣೊರೆಸಿಕೊಂಡು, 'ಒಡೆಯನಿಲ್ಲದ ಸೌಧ'ವನ್ನು ಮೆಲ್ಲಗೆ ಕಿತ್ತು ಅಪ್ಪಾಸಾಹೇಬರ ಕೈಗೆ ಕೊಟ್ಟರು. ಒಂದು ಪೆನ್ನು ಕೇಳಿದರು. ಬೇರೆ ಚೀಟಿಯ ಮೇಲೆ ಗಂಡನಂತೆಯೇ ಸಣ್ಣ ಅಕ್ಷರದಲ್ಲಿ ಬರೆದು ಚೌಕಟ್ಟಿನ ಕೆಳಗೆ ಅಂಟಿಸಿದರು:

'ಹರ್ಣೆ. ಕಳ್ಳಿಬೇಲಿ. ಬೆಳಗಿನ ಹೊತ್ತು, ಗಾಳಿ ಇಲ್ಲ. ಜೇಡ ಛಾಯಾಚಿತ್ರಕಾರರ ತಲೆಯ ಮೇಲೆ ಇದೆ.'

ಆ ಚೌಕಟ್ಟು ಮಂಡಳಿಯ ಗೋಡೆಯ ಮೇಲೆ ಈಗಲೂ ಹಾಗೆಯೇ ಇದೆ. ಬಂದವರು ಚಿತ್ರ ನೋಡುತ್ತಾರೆ, ಚೀಟಿ ಓದುತ್ತಾರೆ, ಆಮೇಲೆ ಹಿಂದಿರುಗಿ, ಅಲ್ಲೇ ಇರುವ ಅವಧೂತರಾಯರ ತಲೆಯ ಕಡೆಗೆ ನೋಡುತ್ತಾರೆ.